ಹೊಸಿಲೊಳಗಿನ ಕೇದಗೆ ಮತ್ತು ಐದು ಆಕಾರಗಳು

ಬಹಳ ಬಹಳ ಹಿಂದೆ, ಮೀನುಗಳು ದಡಕ್ಕೆ ಬಂದು ಊರಿನ ಸುದ್ದಿ ಕೇಳಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಮಣಿಕೂಟವೆಂಬ ಒಂದು ರಾಜ್ಯವಿತ್ತು. ಅದರ ಅರಮನೆಬೀದಿಯಲ್ಲಿ ಸುರಂಗಿ ಎಂಬ ಹೂವಾಡಗಿತ್ತಿ ಇದ್ದಳು. ಗಂಡ ಬೊಮ್ಮಣ್ಣ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಒಬ್ಬಳೇ ಮಗಳು ಕೇದಗೆಗೆ ಆರು ವರ್ಷ.

ರಾಜನ ಪಟ್ಟಾಭಿಷೇಕದ ದಿನ ಸುರಂಗಿಯ ಮನೆಮುಂದೆ ಹಾರಕ್ಕಾಗಿ ನಲವತ್ತು ಜನ ಸಾಲುಗಟ್ಟಿದ್ದರು. ವಕ್ರದಂತನೆಂಬ ಮಾಂತ್ರಿಕ ಬಂದವನೇ ಎಲ್ಲರನ್ನೂ ತಳ್ಳಿಕೊಂಡು ಮುಂದೆ ನಿಂತ. ತನಗೇ ಮೊದಲು ಕೊಡಬೇಕೆಂದ. ಹೂ ಕಟ್ಟಿ ಕಟ್ಟಿ ಬೆರಳು ಊದಿಸಿಕೊಂಡಿದ್ದ ಸುರಂಗಿ ತಲೆ ಎತ್ತಲೂ ಇಲ್ಲ. ಹೊಸಿಲಾಚೆ ನಿಂತು ಸರದಿ ಕಾಯಲು ಹೇಳಿದಳು.

"ನನ್ನನ್ನು ಹೊಸಿಲಾಚೆ ನಿಲ್ಲಿಸಿದೆಯಲ್ಲ, ನಿನ್ನ ಮಗಳು ಹೊಸಿಲೊಳಗೇ ಇರಲಿ" ಎಂದ ಮಾಂತ್ರಿಕ.

ಅಂದಿನಿಂದ ಕೇದಗೆ ಹೊರಗೆ ಕಾಲಿಡಲು ಹೋದರೆ ಹೊಸಿಲು ಗೋಡೆಯೆತ್ತರ ಬೆಳೆಯುತ್ತಿತ್ತು. ಹಿಂದೆ ಸರಿದರೆ ಇಳಿಯುತ್ತಿತ್ತು.

ಶಾಪ ಕೊಟ್ಟವನು ಬಿಡುಗಡೆಯ ದಾರಿಯನ್ನೂ ಹೇಳಬೇಕೆಂಬುದು ಆ ರಾಜ್ಯದ ಕಟ್ಟಳೆ. ವಕ್ರದಂತ ಹಲ್ಲು ಕಡಿಯುತ್ತ ಹೇಳಿದ. ಹುಡುಗಿಗೆ ಏಳು ತುಂಬುವ ದಿನ ತಾನು ಬರುತ್ತೇನೆ, ಅವಳ ಕಣ್ಣು ಕಟ್ಟಿ ಐದು ಆಕಾರಗಳನ್ನು ಕೈಗಿಡುತ್ತೇನೆ, ಒಂದನ್ನೇ ಎರಡು ಸಲ ಕೊಟ್ಟರೂ ಕೊಡಬಹುದು. ಐದರ ಹೆಸರೂ ಸರಿಯಾಗಿ ಹೇಳಿದರೆ ಶಾಪ ಹೋಯಿತು, ತನ್ನ ಮಂತ್ರವೂ ಹೋಯಿತು. ಒಂದೇ ಒಂದು ತಪ್ಪಿದರೂ ಅವಳು ತನ್ನ ಅಟ್ಟದ ಮರದ ಬೊಂಬೆ.

ಚೆಂಡಿನಂಥ ಗೋಳ, ಲಟ್ಟಣಿಗೆಯಂಥ ಸ್ತಂಭ, ಚೂಪು ತುದಿಯ ಶಂಕು, ಎಲ್ಲ ಮಗ್ಗುಲೂ ಒಂದೇ ಅಳತೆಯ ಘನ, ಇಟ್ಟಿಗೆಯಂಥ ಆಯತಘನ. ಇಷ್ಟು ಕಲಿಸಬೇಕು. ಶಾಪದ ಮನೆಯೊಳಗೆ ಬರಲು ಯಾವ ಗುರುವೂ ಒಪ್ಪಲಿಲ್ಲವಾಗಿ ಕೆಲಸ ಸುರಂಗಿಯ ತಲೆಗೇ ಬಿತ್ತು. ಅವಳು ನೆಲದ ಮೇಲೆ ಸೀಮೆಸುಣ್ಣದಿಂದ ಗೋಳ ಬರೆದಳು. ಕೇದಗೆ ಅದನ್ನು ಬಳೆ ಎಂದಳು. ಇನ್ನೊಮ್ಮೆ ಬರೆದಳು. ಕೇದಗೆ ಅದನ್ನು ದೋಸೆ ಎಂದಳು. ಕೈಯಲ್ಲಿ ಹಿಡಿಯುವ ವಸ್ತುಗಳಿಲ್ಲದೆ ಇದು ಆಗುವ ಮಾತಲ್ಲವೆಂದು ಸುರಂಗಿಗೆ ಗೊತ್ತಾಯಿತು.

ಸುಮ್ಮನೆ ಕೊಂಡು ತರೋಣ ಎಂದ ಬೊಮ್ಮಣ್ಣ. ಇಡೀ ಪೇಟೆಯಲ್ಲಿ ಆಕಾರಗಳನ್ನು ಮಾರುವ ಅಂಗಡಿ ಇದ್ದದ್ದು ಒಂದೇ. ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ವಕ್ರದಂತನೇ.

ಸುರಂಗಿ ಅವನನ್ನು ದುರುಗುಟ್ಟಿ ನೋಡಿದಳು. "ಬನ್ನಿ ತಾಯಿ. ಶಾಪ ಬೇರೆ, ವ್ಯಾಪಾರ ಬೇರೆ" ಎಂದು ಅವನು ನಯವಾಗಿ ಸ್ಫಟಿಕದ ಐದು ಆಕಾರಗಳಿದ್ದ ಪೆಟ್ಟಿಗೆ ತೆರೆದ. ಬೆಲೆಯಾಗಿ ಅವಳ ಹೂಗಳ ಒಂದು ತಿಂಗಳ ಪರಿಮಳ ಕೇಳಿದ. ಬೇರೆ ದಾರಿಯಿಲ್ಲದೆ ಕೊಟ್ಟಳು. ಆ ತಿಂಗಳೆಲ್ಲ ಅವಳ ಮಲ್ಲಿಗೆ ಕಾಗದದಂತೆ ಸಪ್ಪಗಿತ್ತು, ಗಿರಾಕಿಗಳ ಮಾತು ಮಾತ್ರ ಖಾರವಾಗಿತ್ತು.

ಕೇದಗೆ ಮುಟ್ಟಿದ ಕೂಡಲೇ ಸ್ಫಟಿಕದ ಗೋಳ "ನಾನು ಗೋಳ" ಎಂದಿತು. ಶಂಕು ಮುಟ್ಟುವ ಮೊದಲೇ ಹೆಸರು ಹೇಳಿತು. ಹುಡುಗಿಗೆ ಬಹಳ ಖುಷಿಯಾಯಿತು. ವಾರ ಕಳೆದರೂ ಒಂದು ಆಕಾರದ ಗುರುತೂ ಅವಳಿಗೆ ಹತ್ತಲಿಲ್ಲ, ಕಲಿಯಬೇಕಾದ ಅಗತ್ಯವೂ ಕಾಣಲಿಲ್ಲ. ವಾಪಸು ಕೊಡಲು ಹೋದರೆ, ಮಾತಾಡಿಸಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ವಕ್ರದಂತ ಬಾಗಿಲು ಹಾಕಿಕೊಂಡ.

ಸರಿ, ತಾನೇ ಮಾಡುತ್ತೇನೆಂದು ಸುರಂಗಿ ಹೊಳೆಯ ಜೇಡಿಮಣ್ಣು ತರಿಸಿದಳು. ಹೂವಿನ ಕೈಗೆ ಮಣ್ಣು ಬಗ್ಗಲಿಲ್ಲ. ಗೋಳ ಬದನೆಕಾಯಿಯಾಯಿತು, ಶಂಕುವಿನ ತುದಿ ಬಾಗಿತು. ಘನಗಳನ್ನು ದಾರದಲ್ಲಿ ಅಳೆದು ಅಳೆದು ಮಾಡಿದರೂ ಬಿಸಿಲಿಗಿಟ್ಟರೆ ಒಂದು ಕಡೆ ಕುಗ್ಗಿ, ಇನ್ನೊಂದು ಕಡೆ ಬಿರಿಯುತ್ತಿದ್ದವು. ಒಣಗಿದ್ದನ್ನೆಲ್ಲ ಕೇದಗೆ ಮಡಿಲಿಗೆ ಹಾಕಿಕೊಂಡು ತಡವಿ ತಡವಿ ಅದರ ತಪ್ಪು ಹುಡುಕಿ ಹೇಳುತ್ತಿದ್ದಳು. ಇದು ಉದ್ದ. ಇದೂ ಉದ್ದ. ಇದಕ್ಕೆ ಒಂದು ಮೂಲೆ ಇಲ್ಲ. ಇಪ್ಪತ್ತನೆಯ ಸಲಕ್ಕೆ ಸುರಂಗಿ ಮಣ್ಣಿನ ಕೈಯಲ್ಲೇ ಹಣೆ ಹಿಡಿದುಕೊಂಡಳು.

ಕೊನೆಗೆ ಬೊಮ್ಮಣ್ಣ ಹೊಳೆಯಾಚೆಯಿಂದ ಒಂದು ಮಾಯಾ ಹೆಗ್ಗಣ ಹಿಡಿದು ತಂದ. ಹೇಳಿದ ಆಕಾರಕ್ಕೆ ಮರ ಕಡಿಯುವುದು ಅದರ ವಿದ್ಯೆ. ಘನ ಎಂದರೆ ಎಷ್ಟು ಚೆನ್ನಾಗಿ ಕಡಿಯಿತೆಂದರೆ ಸುರಂಗಿಯ ಕಣ್ಣು ತುಂಬಿ ಬಂತು. ಆದರೆ ನಿಲ್ಲಿಸುವುದು ಅದರ ವಿದ್ಯೆಯಲ್ಲಿರಲಿಲ್ಲ. ಘನ ನಿಂಬೆಹಣ್ಣಿನಷ್ಟಾಯಿತು, ಕಡಲೆಯಷ್ಟಾಯಿತು, ಹಿಟ್ಟಾಯಿತು. ಇನ್ನೂ ಒಂದು ಚೂರು ನಯ ಮಾಡಬಹುದಿತ್ತೆಂದು ಹೆಗ್ಗಣ ಬೇಸರಪಟ್ಟಿತು. ಆಮೇಲೆ ಮಣೆ ತಿಂದಿತು, ಏಣಿ ತಿಂದಿತು, ದೋಣಿಯ ಹುಟ್ಟಿಗೆ ಬಾಯಿ ಹಾಕಿದಾಗ ಬೊಮ್ಮಣ್ಣನೇ ಅದನ್ನು ಹೊಳೆಯಾಚೆ ಬಿಟ್ಟು ಬಂದ.

ಸುರಂಗಿ ಗೋಡೆಗೊರಗಿ ಕೂತಳು. "ನನ್ನಿಂದ ಆಗೋದಿಲ್ಲ. ಕೊಂಡರೆ ಅದೇ ಮಾತಾಡುತ್ತೆ, ಮಾಡಿದರೆ ಬಿರಿಯುತ್ತೆ, ಮಾಡಿಸಿದರೆ ಹಿಟ್ಟಾಗುತ್ತೆ."

ಬೊಮ್ಮಣ್ಣ ಹೋಗಿ, ಬುಗುರಿ ಮಾಡುವ ಮುದುಕನಿಂದ ಒಂದು ಸಾದಾ ಮರದ ಗೋಳ ಕೊಂಡು ತಂದ. ಅದು ಮಾತಾಡಲಿಲ್ಲ. ಸುರಂಗಿ ಎದ್ದು ಕೈ ತೊಳೆದು, ಉಳಿದ ನಾಲ್ಕಕ್ಕೆ ಮತ್ತೆ ಮಣ್ಣು ಕಲಸಿದಳು. ಈ ಸಲ ಕೇದಗೆಯೂ ಪಕ್ಕದಲ್ಲಿ ಕೂತು ತಟ್ಟಿದಳು.

ಏಳು ತುಂಬಿದ ದಿನ ಬೆಳಿಗ್ಗೆ ವಕ್ರದಂತ ಬಂದು ಹುಡುಗಿಯ ಕಣ್ಣು ಕಟ್ಟಿದ. ಮೊದಲು ಗೋಳ, ಆಮೇಲೆ ಸ್ತಂಭ, ಆಮೇಲೆ ಶಂಕು. ಮೂರನ್ನೂ ಕೇದಗೆ ಹೇಳಿದಳು. ನಾಲ್ಕನೆಯದಾಗಿ ಘನ ಕೊಟ್ಟ, ಅದನ್ನೂ ಹೇಳಿದಳು. ಐದನೆಯದನ್ನು ಕಂಡು ಸುರಂಗಿಯ ಉಸಿರು ಹಗುರಾಯಿತು, ಏಕೆಂದರೆ ಅದೂ ಘನವೇ, ಸುಲಭದ್ದು. ಕೇದಗೆ ಮಾತ್ರ ಅದನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು, ಬಾಯಿ ಬಿಡಲಿಲ್ಲ. ಹೇಳಬಾರದೇ ಒಮ್ಮೆ ಎಂದು ಸುರಂಗಿಗೆ ಮೈಯೆಲ್ಲ ಉರಿಯಿತು.

"ಘನ ತಾನೇ ಮಗು?" ಎಂದ ವಕ್ರದಂತ, ಅಕ್ಕರೆಯಿಂದ.

"ಅಲ್ಲ. ಇದರ ಒಂದು ಮಗ್ಗುಲು ಚೂರು ಉದ್ದ. ಇದು ಆಯತಘನ. ಅಮ್ಮ ಇಂಥವು ಬೇಕಾದಷ್ಟು ಮಾಡಿದ್ದಾಳೆ."

ಸುರಂಗಿ ದಾರ ತಂದು ಅಳೆದಳು. ಒಂದು ಅಕ್ಕಿಕಾಳಿನಷ್ಟು ಉದ್ದವಿತ್ತು. ವಕ್ರದಂತನ ಬಾಯಿಂದ ಮಂತ್ರಗಳೆಲ್ಲ ಸೊಳ್ಳೆಗಳಂತೆ ಹಾರಿಹೋದವು. ಹೊಸಿಲು ಮರದ ತುಂಡಾಗಿ ತೆಪ್ಪಗೆ ಬಿದ್ದುಕೊಂಡಿತು. ಅವನ ಅಟ್ಟದ ಬೊಂಬೆಗಳೆಲ್ಲ ಮಕ್ಕಳಾಗಿ ಎದ್ದು ತಮ್ಮ ತಮ್ಮ ಮನೆಗೆ ಓಡಿದವು. ಕೇದಗೆ ಅಪ್ಪನ ಕೈ ಹಿಡಿದು ಹೊಳೆಗೆ ಹೋದವಳು ಊಟದ ಹೊತ್ತಾದರೂ ಬರಲಿಲ್ಲ.

ವಕ್ರದಂತ ಬುಗುರಿಯ ಮುದುಕನಲ್ಲಿ ಕೆಲಸಕ್ಕೆ ಸೇರಿ ಮರ ಉಜ್ಜುತ್ತ ಬದುಕಿದ. ಮಣಿಕೂಟದ ತಾಯಂದಿರು ಸುರಂಗಿಯ ಬಳಿಗೆ ಬಂದು, ಮಕ್ಕಳಿಗೆ ಆಕಾರಗಳನ್ನು ಕೊಳ್ಳುವುದೋ ಮಾಡುವುದೋ ಎಂದು ಕೇಳುತ್ತಿದ್ದರು. ಹೂ ಕಟ್ಟುವ ಭರದಲ್ಲಿ ಅವಳಿಗೆ ಅದನ್ನೆಲ್ಲ ವಿವರಿಸುವ ತಾಳ್ಮೆ ಎಲ್ಲಿ?

"ಗೋಳ ಕೊಂಡುಕೊಳ್ಳಿ" ಎನ್ನುತ್ತಿದ್ದಳು. "ಅದನ್ನು ಮಾಡೋಕೆ ಹೋಗಬೇಡಿ. ಉಳಿದದ್ದನ್ನು ಮಕ್ಕಳನ್ನು ಕೂರಿಸಿಕೊಂಡು ಮಾಡಿ, ಸೊಟ್ಟಗಾದರೆ ಬಿಸಾಡಬೇಡಿ. ಈಗ ಸರದಿಯಲ್ಲಿ ನಿಲ್ಲಿ."

ಅವರೆಲ್ಲ ಸರದಿಯಲ್ಲಿ ನಿಂತರು, ಹೂ ಮುಡಿದರು, ಆ ರಾಜ್ಯದಲ್ಲಿ ಎಲ್ಲರೂ ಬಹುಕಾಲ ಸುಖವಾಗಿದ್ದರು.