ಹತ್ತೊಂಬತ್ತನೆಯ ಕೈ

ಅನುರಾಧಾ ವಿಯೆಟ್ನಾಂನಿಂದ ಕಳಿಸುವ ಫೋಟೊಗಳಲ್ಲಿ ನಾನು ಮೊದಲು ನೋಡುವುದು ಅವಳ ಮುಖವನ್ನಲ್ಲ, ಅವಳ ಕಾಲ ಬಳಿಯ ನೆಲವನ್ನು. ಅಲ್ಲಿ ಫೋಟೊ ತೆಗೆದವರ ನೆರಳು ಬಿದ್ದಿರುತ್ತದೆ. ನಾಲ್ಕು ಭಾನುವಾರ, ನಾಲ್ಕು ಜಾಗ, ನೆರಳು ಮಾತ್ರ ಒಂದೇ. ತಲೆಯ ಮೇಲೆ ಅದೇ ಚೂಪು ಟೋಪಿ.

ನಾನು ಸಂಗಯ್ಯ, ಬಾದಾಮಿಯ ಗುಹೆಗಳ ಗೈಡ್. ಹನ್ನೊಂದು ವರ್ಷದಿಂದ ಬಂದ ಪ್ರವಾಸಿಗಳಿಗೆಲ್ಲ ಫೋಟೊ ತೆಗೆದುಕೊಟ್ಟವನು. ಬಿಸಿಲು ಯಾವಾಗ ಮುಖದ ಮೇಲೆ ಬೀಳುತ್ತದೆ, ಎಲ್ಲಿ ನಿಲ್ಲಿಸಿದರೆ ಗುಡಿಯೂ ನಗುವೂ ಎರಡೂ ಬರುತ್ತವೆ ಎಂದು ಬಲ್ಲವನು ತೆಗೆದ ಫೋಟೊಗಳವು. ಅಂದರೆ ಅವನೂ ಗೈಡೇ. ನನ್ನ ಹೊಟ್ಟೆ ಉರಿದುಹೋಯಿತು.

ಯಾಕೆಂದರೆ ಅವಳು ನನಗೆ ಸಿಕ್ಕಿದ್ದೂ ಹಾಗೆಯೇ. ಮೂರು ವರ್ಷದ ಹಿಂದೆ ಇಳಕಲ್ಲಿನ ಕಾಲೇಜಿನ ಹುಡುಗಿಯರನ್ನು ಕರೆತಂದ ಇಂಗ್ಲಿಷ್ ಮೇಡಂ ಅವಳು. ಮೊದಲ ಗುಹೆಯ ನಟರಾಜನತ್ತ ಕೈ ಚಾಚಿ, ಎಲ್ಲರಿಗೂ ಹೇಳುವುದನ್ನೇ ಹೇಳಿದ್ದೆ.

"ಹದಿನೆಂಟು ಕೈ ಅದಾವ್ರಿ. ಸಾವಕಾಶ ಎಣಸ್ರಿ, ನಾ ಇಲ್ಲೇ ನಿಂತಿರ್ತೇನಿ."

ಹುಡುಗಿಯರೆಲ್ಲ ಎರಡನೇ ಗುಹೆಗೆ ಹತ್ತಿದರೂ ಅವಳು ಎಣಿಸುತ್ತಲೇ ಇದ್ದಳು. ಕೊನೆಗೆ ಹತ್ತೊಂಬತ್ತು ಎಂದಳು. ನಾನು ನಕ್ಕೆ. ಮತ್ತೆ ಎಣಿಸುವ ನೆವ ಮಾಡಿಕೊಂಡು ಮುಂದಿನ ಭಾನುವಾರ ಬಂದಳು, ಆಮೇಲೆ ನನ್ನ ಬಾಯಿಪಾಠದ ಇಂಗ್ಲಿಷ್ ತಿದ್ದಲು ಪ್ರತಿ ಭಾನುವಾರವೂ ಬಂದಳು.

ಈಗ ಒಂದು ವರ್ಷದಿಂದ ವಿಯೆಟ್ನಾಂನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ, ರಜೆಯಲ್ಲಿ ಊರು ಸುತ್ತುತ್ತಾಳೆ. ಜೊತೆಗೆ ಯಾರೆಂದು ನಾನು ಕೇಳಲಿಲ್ಲ. ಕೇಳಿದರೆ ಸಣ್ಣವನಾಗುತ್ತೇನೆಂಬ ಬಿಗುಮಾನ.

ಬುಧವಾರ ಫೋನ್ ಮಾಡಿದಳು. ಶಾಲೆಯವರು ಇನ್ನೂ ಎರಡು ವರ್ಷ ಇರಲು ಹೇಳುತ್ತಿದ್ದಾರೆ, ಶುಕ್ರವಾರ ಸಹಿ ಹಾಕಬೇಕು, ಏನು ಮಾಡಲಿ ಎಂದು ಕೇಳಿದಳು. ಬಾ ಎಂಬ ಮಾತು ಗಂಟಲ ತನಕ ಬಂದಿತ್ತು. ಆ ಹಾಳು ಟೋಪಿ ನೆನಪಾಯಿತು.

"ಇರು. ನಿನಗ ತೋರಸವ್ರು ಅಲ್ಲೇ ಭಾಳ ಚಲೋ ಸಿಕ್ಕಾರ."

ಆಯ್ತು ಎಂದು ಫೋನ್ ಇಟ್ಟುಬಿಟ್ಟಳು.

ಎರಡು ದಿನ ಊಟ ಸೇರಲಿಲ್ಲ. ಒಬ್ಬ ಪ್ರವಾಸಿಗೆ ನಟರಾಜನಿಗೆ ಹನ್ನೆರಡು ಕೈ ಎಂದುಬಿಟ್ಟೆ. ಉಳಿದ ಆರು ಯಾರಿಗೆ ಕೊಟ್ಟೆ ಎಂದು ಹಿರಿಯ ಗೈಡ್ ಯಾಕೂಬಸಾಬ ಕೇಳಿದರು. ನನಗೆ ನಗು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗುಹೆಯ ಮೆಟ್ಟಿಲ ಮೇಲಿದ್ದಾಗ ಅವಳ ವಿಡಿಯೊ ಕಾಲ್ ಬಂತು. ಪರದೆಯ ತುಂಬ ಚೂಪು ಟೋಪಿ. ಅದರ ಕೆಳಗೆ ಅರವತ್ತು ದಾಟಿದ ಒಬ್ಬ ಅಜ್ಜಿಯ ಮುಖ, ಹಿಂದೆ ಆ ದೇಶದ್ದೇ ಒಂದು ಇಟ್ಟಿಗೆಯ ಹಳೇ ಶಿವನ ಗುಡಿ. ಅಜ್ಜಿ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಒಪ್ಪಿಸಿದಳು: ನಿಧಾನವಾಗಿ ನೋಡಿ ಸರ್, ಅವಸರವಿಲ್ಲ, ನಾನು ಇಲ್ಲೇ ನಿಂತಿರುತ್ತೇನೆ. ನನ್ನದೇ ಮಾತು, ನನ್ನದೇ ರಾಗ. ನಾನು ಉಸಿರು ತೆಗೆದುಕೊಳ್ಳುವಲ್ಲೇ ಆಕೆಯೂ ತೆಗೆದುಕೊಂಡಳು.

ಆಮೇಲೆ ಅನುರಾಧಾ ಕಾಣಿಸಿದಳು. ಕಣ್ಣು ಬಾತಿದ್ದವು. ಈಕೆ ಲಾನ್, ತನ್ನ ಸಂಜೆ ಕ್ಲಾಸಿನಾಕೆ, ಗೈಡ್ ಆಗುವ ಆಸೆಯವಳು ಎಂದಳು. ಭಾನುವಾರ ಅನುರಾಧಾಳನ್ನೇ ಪ್ರವಾಸಿ ಮಾಡಿಕೊಂಡು ಆಕೆ ಅಭ್ಯಾಸ ಮಾಡುತ್ತಾಳಂತೆ. ನನ್ನ ಇಂಗ್ಲಿಷ್ ತಿದ್ದುವಾಗ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ನನ್ನ ದನಿಯನ್ನೇ ಅನುರಾಧಾ ಆಕೆಗೆ ಪಾಠವಾಗಿ ಕೇಳಿಸಿದ್ದಳಂತೆ.

"ಅಷ್ಟೂ ಫೋಟೊ ಈಕೀನ ತಗದದ್ದು?" ಎಂದೆ.

ಅವಳು ಹುಬ್ಬು ಗಂಟಿಕ್ಕಿ ನೋಡಿದಳು. ನಂತರ ಅವಳಿಗೆ ಎಲ್ಲ ತಿಳಿದುಹೋಯಿತು.

"ಹೊಟ್ಟಿಕಿಚ್ಚೇನು?"

"ಹೂಂ. ಭಾಳ."

ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಅದನ್ನು ನೋಡಿ ಎಷ್ಟು ದಿನವಾಗಿತ್ತೋ. ಸಹಿ ಇನ್ನೂ ಹಾಕಿಲ್ಲ, ಈಗ ಹೇಳು ಎಂದಳು.

"ಬಾ, ಅನು. ನೀ ಇಲ್ಲದ ಭಾನುವಾರ ನನಗ ಸಾಕಾಗ್ಯಾವ."

ಶಾಲೆಯ ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಬರುವೆನೆಂದಳು. ಅಲ್ಲಿಯ ತನಕ ಹನ್ನೆರಡು ಕೈ ಎಂದು ಜನರಿಗೆ ಸುಳ್ಳು ಹೇಳಬೇಡ ಎಂದೂ ಸೇರಿಸಿದಳು. ಯಾಕೂಬಸಾಬ ಆಗಲೇ ಅವಳಿಗೆ ಫೋನ್ ಮಾಡಿ ಚಾಡಿ ಹೇಳಿದ್ದರು. ಹತ್ತೊಂಬತ್ತು ಎಂದು ಎಣಿಸಿದವಳು ನೀನು, ನನಗೇನು ಹೇಳುತ್ತೀ ಎಂದೆ.

"ನಾ ತಪ್ಪಿ ಎಣಿಸಿರಲಿಲ್ಲ," ಎಂದಳು. "ತೋರಸಾಕ ನೀ ಚಾಚಿದ್ದ ಕೈನೂ ಸೇರಿಸಿದ್ದೆ."