ಟರ್ಬೊ ಆರುವ ಎರಡು ನಿಮಿಷ

ಶನಿವಾರದ ನಾಲ್ಕನೇ ಕಾರು ಹಾಲೇಶನದು. ಎಂಜಿನ್ನಿನ ಬಿಸಿ, ಒತ್ತಡ ತೋರಿಸುವ ಲ್ಯಾಪ್‌ಟಾಪಿನ ಗೆರೆಗಳನ್ನು ನೋಡಿ ನೋಡಿ ರಂಜನಾಳ ಕಣ್ಣುಗಳು ಬಳಲಿಹೋಗಿದ್ದವು.

ಟ್ಯೂನ್ ಮಾಡಿಸಿ ಟರ್ಬೊ ಕಾರಿನ ಜೋರು ಹೆಚ್ಚಿಸಿಕೊಂಡವರು, ಎಂಜಿನ್ನಿಗೆ ಕೇಡಿಲ್ಲ ತಾನೇ ಎಂದು ಪರೀಕ್ಷೆ ಮಾಡಿಸಲು ಜಮಖಂಡಿಯ ಅವಳ ಗ್ಯಾರೇಜಿಗೆ ಬರುತ್ತಿದ್ದರು. ಫೇಲ್ ಎಂದರೆ ಎಲ್ಲರೂ ಜಗಳಕ್ಕೆ ಬೀಳುವವರೇ. "ಹೆಣ್ಣಮಗಳಿಗಿ ಎಂಜಿನ್ ಏನ ತಿಳೀತೈತಿ?" ಎನ್ನುವರು. ಹುನ್ನೂರಿನ ಕಡೆ ದನಗಳ ಲಸಿಕೆ ಹೊತ್ತು ತಿರುಗುವ ಹಾಲೇಶ ಮಾತ್ರ ಎರಡು ಸಲ ಫೇಲಾದರೂ "ಹೌದ್ರಿ" ಎಂದು ತಲೆಯಾಡಿಸಿ ಹೋಗಿದ್ದ.

"ಮೂರನೇ ಗೇರ್. ಎಕ್ಸಲರೇಟರ್ ಪೂರ್ತಿ ಒತ್ತರಿ," ಎಂದಳು ಅವನ ಪಕ್ಕದ ಸೀಟಿನಿಂದ. ಮುಧೋಳ ರಸ್ತೆಯಲ್ಲಿ ಕಾರು ಮುನ್ನುಗ್ಗಿತು. ಅಜ್ಜಿಯ ಕಥೆಯ ರಾಕ್ಷಸ ಏಳು ಕೆರೆಯಾಚೆಯ ಗಿಳಿಯಲ್ಲಿ ಜೀವ ಇಟ್ಟಿದ್ದನಂತೆ. ಈ ಎಂಜಿನ್ನಿನ ಜೀವ ಹೊಗೆಯ ಬಿಸಿಯಲ್ಲಿತ್ತು. ಹೋದ ಸಲ ಆ ಬಿಸಿಯ ಗೆರೆ ಮಿತಿ ದಾಟಿತ್ತು. ಇವತ್ತು ಮೂರು ಓಟದಲ್ಲೂ ತೆಪ್ಪಗೆ ಕೆಳಗೇ ಉಳಿಯಿತು.

ಬೇವಿನ ಮರದ ಹತ್ತಿರ ನಿಂತರು. ಎಂಜಿನ್ ಬಂದ್ ಮಾಡಲಿಲ್ಲ. ಓಡಿ ಕಾದ ಟರ್ಬೊ ಆರಲು ಎಂಜಿನ್ ಎರಡು ನಿಮಿಷ ಸುಮ್ಮನೆ ತಿರುಗುತ್ತಿರಬೇಕು, ಇಲ್ಲದಿದ್ದರೆ ಕೆಡುತ್ತದೆ. ಮೊದಲ ದಿನ ಅವನು ಥಟ್ಟನೆ ಕೀಲಿ ತಿರುಗಿಸಹೋದಾಗ ಅವಳು ಕೈ ಹಿಡಿದು ತಡೆದಿದ್ದಳು. ಅಂದಿನಿಂದ ಅವರ ಮಾತೆಲ್ಲ ಈ ಎರಡೆರಡು ನಿಮಿಷಗಳಲ್ಲೇ.

ಫೇಲ್ ಎಂದು ಬರೆದರೆ ಇನ್ನೊಂದು ಶನಿವಾರ ಬರುತ್ತಾನೆ. ಪೆನ್ನು ತುಸು ಹೊತ್ತು ಹಾಳೆಯ ಮೇಲೇ ನಿಂತಿತು. ಆಮೇಲೆ ಖರೆಯದನ್ನೇ ಬರೆದು ಹಾಳೆ ಚಾಚಿದಳು.

"ಪಾಸಾತ್ರಿ. ಇನ್ನ ಬರೂ ಕೆಲಸಿಲ್ಲ."

ಅವನ ಮುಖ ಸಣ್ಣದಾಯಿತು. "ಇಷ್ಟ ಲಗೂನ?"

"ಎರಡ ತಿಂಗಳಾತು. ಲಗೂ ಅಂತೀರಲ್ಲ!"

"ಫೇಲ್ ಅಂದಾಗೆಲ್ಲ ಹಾಡ್ಕೋತ ಮನಿಗಿ ಹೋಗತಿದ್ದೆರಿ. ಅವ್ವ ಅಂದ್ಲು, 'ಲೇ, ಗಾಡಿ ಕೆಟ್ರ ನಗೂ ಮಗನ್ನ ನಾ ಎಲ್ಲೂ ನೋಡಿಲ್ಲ.'"

ರಂಜನಾಳಿಗೆ ನಗು ಬಂತು; ನಗಲು ತ್ರಾಣವಿರಲಿಲ್ಲ. "ನಾನೂ ಇವತ್ತ ಸುಳ್ಳ ಬರೀಬೇಕಂದಿದ್ದೆ."

"ಬರೀಬೇಕಾಗಿತ್ತಲ್ರಿ!"

"ಇದರಾಗ ಸುಳ್ಳ ಬರದ್ರ, ಮುಂದ ನಾ ಹೇಳೂದನ್ನ ಹ್ಯಾಂಗ ನಂಬತೀರಿ?"

"ಮುಂದ ಏನ ಹೇಳಾವ್ರು?"

ಅವಳು ಲ್ಯಾಪ್‌ಟಾಪ್ ಮುಚ್ಚಿ ಸೀಟಿಗೆ ತಲೆಯಾನಿಸಿದಳು. "ನನಗ ನೀವು ಬೇಕಂತ. ಆದ್ರ ಭಾಳ ದಣದೇನ್ರಿ. ಹತ್ತ ನಿಮಿಷ ಮಲಕೋತೀನಿ. ಹೋಗಬ್ಯಾಡ್ರಿ."

"ನನ್ನ ಗಾಡಿ ಬಿಟ್ಟ ನಾ ಎಲ್ಲಿ ಹೋಗ್ಲಿರಿ?" ಎಂದ.

ಎರಡು ನಿಮಿಷ ಆಗಲೇ ಮುಗಿದಿತ್ತು. ಅವನು ಮೆಲ್ಲಗೆ ಕೀಲಿ ತಿರುಗಿಸಿದ್ದು, ಎಂಜಿನ್ ಸುಮ್ಮನಾದದ್ದು ಅವಳಿಗೆ ಅರೆನಿದ್ದೆಯಲ್ಲೇ ಕೇಳಿಸಿತು. ಹಾಳೆ ಸರಪರ ಎಂದಿತು; ರೆಪ್ಪೆಯ ಮೇಲೆ ಚುಚ್ಚುತ್ತಿದ್ದ ಬಿಸಿಲು ಸರಿದು ನೆರಳಾಯಿತು. ಕಣ್ಣು ತೆರೆಯದೆಯೂ ತಿಳಿಯಿತು: ಪಾಸಿನ ಹಾಳೆಯನ್ನು ಕಿಟಕಿಗೆ ಮರೆ ಹಿಡಿದು, ಕೈ ಅಲುಗದಂತೆ ಕೂತಿದ್ದಾನೆ.