ಪಳಗಿದ ಕೈ

ಡಾಕ್ಟರರ ಕಾರಿನ ಬಾನೆಟ್ ಎತ್ತಿ ಸಂಗಯ್ಯನವರು ಆಡಿದ ಮಾತಿಗೆ ಶಿರಸಿ ಪೇಟೆಯಲ್ಲಿ ಹತ್ತು ಜನ ನಕ್ಕಿದ್ದರು. ಒಬ್ಬೊಬ್ಬರ ನಗುವೂ ದ್ಯಾಮಪ್ಪನಿಗೆ ಬೇರೆ ಬೇರೆಯಾಗಿ ನೆನಪಿತ್ತು.

“ಹೊಸಾ ಪ್ಲಗ್ಗು ಹಾಕೀನಿ ಅಂದಾನ ದ್ಯಾಮಪ್ಪ. ನೋಡ್ರಿ, ಮಸಿ ಹಿಡದ ಹಳೇದು.”

ಅದು ಹೊಸದೇ. ಸಿದ್ದಾಪುರಕ್ಕೆ ಒಮ್ಮೆ ಹೋಗಿಬಂದರೆ ಎಂಥ ಹೊಸದೂ ಮಸಿ ಹಿಡಿಯುತ್ತದೆ. ಅದನ್ನು ಹೇಳುವಷ್ಟರಲ್ಲಿ ಜನ ಚದುರಿದ್ದರು. ಕಳ್ಳ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ; ಅಂದಿದ್ದರೆ ಉತ್ತರ ಕೊಡಬಹುದಿತ್ತು.

ಹುಬ್ಬಳ್ಳಿಯಲ್ಲಿ ಒಂಬತ್ತು ವರ್ಷ ಮೋಟಾರು ಕೆಲಸ ಕಲಿತು ಶಿರಸಿಗೆ ಬಂದು ತಗಡಿನ ಶೆಡ್ಡು ಹಾಕಿದವನು ದ್ಯಾಮಪ್ಪ. ಅಕ್ಕಿ ವ್ಯಾಪಾರಿ ಸಂಗಯ್ಯನವರು ಧಾರವಾಡದಿಂದ ಎತ್ತಿನಿಂದ ಎಳೆಸಿಕೊಂಡು ತಂದ ಹಳೆಯ ಮೋಟಾರಿಗೆ ಜೀವ ಕೊಟ್ಟವನೂ ಅವನೇ. ಆಗ ಸಂಗಯ್ಯನವರು ಎರಡು ತಿಂಗಳು ಅದೇ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು ಅವನ ಕೈಯನ್ನೇ ನೋಡಿದರು. ಆಮೇಲೆ ಮುಂಬಯಿಯಿಂದ ಮೋಟಾರು ರಿಪೇರಿಯ ಚಿತ್ರಗಳ ಪುಸ್ತಕವೊಂದು ಟಪಾಲಿನಲ್ಲಿ ಬಂತು. ತಾವೇ ಹಸಿರು ಬಣ್ಣ ಬಳಿದರು, ಇನ್ನೊಂದು ದೀಪ ಕೂರಿಸಿದರು, ಗಾಲಿ ಬಿಚ್ಚಿ ಹಾಕಿದರು. ಕಾರಿದ್ದ ನಾಲ್ಕಾರು ಮಂದಿ ಅವರ ಹಿತ್ತಲಿಗೇ ಹೋಗತೊಡಗಿದರು. ಡಾಕ್ಟರರ ಕಾರಿನ ಪ್ರಸಂಗವಾದ ಮೇಲೆ ಶೆಡ್ಡಿನ ಮುಂದೆ ಎತ್ತಿನ ಗಾಡಿಗಳಷ್ಟೇ ನಿಲ್ಲುತ್ತಿದ್ದವು, ಅದೂ ನೆರಳಿಗೆ.

ಉಪಾಯ ಹೊಳೆದಾಗ ದ್ಯಾಮಪ್ಪನಿಗೆ ಅದರ ಸರಳತೆಯೇ ಹೆದರಿಕೆ ತಂದಿತು. ಮುಂದಿನ ಗಾಲಿಗಳನ್ನು ತಿರುಗಿಸುವ ಸರಳು ಒಂದೇ ನಟ್ಟಿನ ಮೇಲೆ ನಿಂತಿರುತ್ತದೆ. ನಟ್ಟು ಕಳಚದಂತೆ ಅಡ್ಡ ಒಂದು ಪಿನ್ನು. ಪಿನ್ನು ತೆಗೆದು ನಟ್ಟನ್ನು ಮೂರು ಸುತ್ತಿನಷ್ಟು ಮಾತ್ರ ಉಳಿಸಿದರೆ ಯಲ್ಲಾಪುರದ ತನಕ ತಡೆದೀತು. ಅರಬೈಲು ಘಟ್ಟದ ತಿರುವುಗಳಲ್ಲಿ ತಡೆಯದು. ಸಂಗಯ್ಯನವರು ಪ್ರತಿ ಗುರುವಾರ ಆ ಘಟ್ಟ ಇಳಿದು ಅಂಕೋಲೆಗೆ ಹೋಗುತ್ತಿದ್ದರು. ಏನಾದರೂ ಆದರೆ ಜನ ಏನೆನ್ನುತ್ತಾರೆ? ಬಲ್ಲವರಿಗೆ ಕೊಡದೆ ತಾವೇ ಕೈಹಾಕಿದ್ದರ ಫಲ ಎನ್ನುತ್ತಾರೆ. ಪರೀಕ್ಷಿಸಲು ಪೊಲೀಸರು ಯಾರನ್ನು ಕರೆಯುತ್ತಾರೆ? ಈ ಸೀಮೆಯಲ್ಲಿ ದ್ಯಾಮಪ್ಪನನ್ನು ಬಿಟ್ಟರೆ ಇನ್ನು ಯಾರಿದ್ದಾರೆ?

ಮಂಗಳವಾರ ಸಂತೆ. ಸಂಗಯ್ಯನವರೂ ಹೆಂಡತಿ ಮುರಿಗೆವ್ವನೂ ಅಂಗಡಿಯಲ್ಲಿದ್ದರು. ನಡುಮಧ್ಯಾಹ್ನ ದ್ಯಾಮಪ್ಪ ಅವರ ಹಿತ್ತಲಿಗೆ ಹೋಗಿ, ಗೋಣಿ ಹಾಸಿ ಮೋಟಾರಿನ ಕೆಳಗೆ ಮಲಗಿದ. ಪಿನ್ನು ಕಿತ್ತು, ನಟ್ಟಿಗೆ ಸರಿಹೊಂದುವ ಪಾನಾ ಹಚ್ಚಿದ, ನಟ್ಟು ಒಂದೇ ಎಳೆತಕ್ಕೆ ಸಡಿಲಿತು; ಮೂರು ಸುತ್ತು ಉಳಿಸಿ ಬಿಟ್ಟ. ಎದ್ದು ಗೋಣಿ ಮಡಚಿಕೊಂಡು ಹೊರಟ.

ಗುರುವಾರ ಬೆಳಿಗ್ಗೆ ಹಸಿರು ಮೋಟಾರು ಅವನ ಶೆಡ್ಡಿನೆದುರೇ ನಿಂತಿತು.

“ದ್ಯಾಮಪ್ಪಾ, ಸ್ಟೇರಿಂಗು ಯಾಕೋ ಸಡ್ಲ ಅನಸ್ತದ. ಒಂಚೂರು ನೋಡ್ತೀಯೇನು?”

ನಟ್ಟು ನಾಲ್ಕು ಸುತ್ತು ಬಿಗಿದು ಒಂದು ಪಿನ್ನು ಹಾಕಿದರಾಯಿತು. ವೀಳ್ಯ ಜಗಿದು ಮುಗಿಸುವಷ್ಟರಲ್ಲಿ ಆಗುವ ಕೆಲಸ. ಸಂಗಯ್ಯನವರ ಮುಖದಲ್ಲಿ ಕುಹಕವಿರಲಿಲ್ಲ. ಎರಡು ವರ್ಷದ ಮೇಲೆ ಮೊದಲ ಸಲ ಕೇಳಿದ್ದರು. ಆದರೆ ಎದುರಿನ ಚಹದಂಗಡಿಯಲ್ಲಿ ಯಾರೋ ನಕ್ಕರು. ಯಾವುದಕ್ಕೆ ನಕ್ಕರೋ ಏನೋ.

“ನಿಮಗ ಗೊತ್ತಿಲ್ಲದ್ದು ನನಗೇನು ಗೊತ್ತಿರ್ತದ್ರಿ ಅಯ್ಯಾರ,” ಎಂದ. “ನೀವ ನೋಡ್ಕೋರಿ.”

“ಇನ್ನೂ ಸಿಟ್ಟು ಹೋಗಿಲ್ಲಲ್ಲ ನಿನಗ.” ಸಂಗಯ್ಯನವರು ತಲೆ ತಗ್ಗಿಸಿದರು. “ಆತು. ಅಂಕೋಲ್ಯಾಗ ಇಳದ ಮ್ಯಾಲ ನಾನ ನೋಡ್ತೀನಿ.”

ಮೋಟಾರು ಮರೆಯಾಗುವ ತನಕ ದ್ಯಾಮಪ್ಪ ನಿಂತೇ ಇದ್ದ. ಕೂಗಬಹುದಿತ್ತು. ಕೂಗಲಿಲ್ಲ.

ಸಂಜೆ ಸುದ್ದಿ ಬಂತು. ಮೋಟಾರು ಅರಬೈಲಿನ ಕಣಿವೆಗೆ ಉರುಳಿ ಸಂಗಯ್ಯನವರು ತೀರಿಕೊಂಡಿದ್ದರು. ಮೂರನೆಯ ದಿನ ಯಲ್ಲಾಪುರದಿಂದ ಕರೆ ಬಂತು, ಅವನು ಎಣಿಸಿದ ಹಾಗೆಯೇ. ಠಾಣೆಯ ಅಂಗಳದಲ್ಲಿ ಮುರಿದ ಮೋಟಾರು ಮಗ್ಗುಲಾಗಿ ಬಿದ್ದಿತ್ತು. ರಸ್ತೆ ಕೆಲಸದ ಚೌಡನಿಗೆ ತಿರುವಿನ ಮೇಲೆ ಸಿಕ್ಕ ನಟ್ಟು ಫೌಜದಾರರ ಮೇಜಿನ ಮೇಲಿತ್ತು. ಅದನ್ನು ಕಂಡು ದ್ಯಾಮಪ್ಪನಿಗೆ ಸಮಾಧಾನವೇ ಆಯಿತು. ತನ್ನ ಮಾತಿಗೆ ಅದೇ ಆಧಾರ.

“ಪಿನ್ನು ತಾನ ಮುರದಿರಬಹುದಲ್ಲ?” ಫೌಜದಾರರು ಕೇಳಿದರು.

“ಇಲ್ರಿ ಸಾಹೇಬ್ರ. ಮುರದಿದ್ರ ತುಂಡು ತೂತಿನ್ಯಾಗ ಉಳೀತಿತ್ತು. ಇದು ಕೈಲೆ ತಗದದ್ದು. ತೂತಿನ ಬಾಯಾಗ ಗೀಚಿದ ಗೆರಿ ಹೊಸಾವು, ಈ ವಾರದಾಗಿನವು. ಅಯ್ಯಾರು ನಟ್ಟು ಬಿಚ್ಚ್ಯಾರ, ತಿರುಗಿ ಬಿಗಿ ಮಾಡೂದು, ಪಿನ್ನು ಹಾಕೂದು ಮರತಾರ. ಕಲೀದವರ ಕೈ ಕೆಲಸ ಹಿಂಗ ಆಗ್ತದ್ರಿ.”

ಫೌಜದಾರರು ಅಷ್ಟನ್ನೂ ಪಂಚನಾಮೆಯಲ್ಲಿ ಬರೆದುಕೊಂಡರು. ದ್ಯಾಮಪ್ಪ ಕೆಳಗೆ ರುಜು ಹಾಕಿದ.

ಮೆಟ್ಟಿಲ ಮೇಲೆ ಕೂತಿದ್ದ ಮುರಿಗೆವ್ವ ಎದ್ದು ಬಂದು ನಟ್ಟನ್ನು ಕೈಗೆ ತೆಗೆದುಕೊಂಡಳು. “ಇದು ನಮ್ಮನಿಯವ್ರು ಬಿಚ್ಚಿದ್ದಲ್ರಿ,” ಎಂದಳು. ದನಿಯಲ್ಲಿ ಯಾರ ಮೇಲೂ ದೂರಿರಲಿಲ್ಲ. “ಅವರ ಕಡೆ ಪಾನಾ ಎಲ್ಲಿದ್ದೂ? ಇಕ್ಕಳ ಹಾಕಿ ತಿರವತಿದ್ರು. ಹಲ್ಲು ಜಾರಿ ಜಾರಿ ಅವರು ಮುಟ್ಟಿದ ನಟ್ಟೆಲ್ಲಾ ಗುಂಡಗಾಗ್ಯಾವು. ಅಲ್ಲಿ ನೋಡ್ರಿ ಬೇಕಾರ.” ಫೌಜದಾರರು ಅಂಗಳಕ್ಕಿಳಿದು ಗಾಲಿಗಳ ನಟ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದರು, ಎಲ್ಲವೂ ಕಚ್ಚಿ ಉಗುಳಿದ ಹಾಗೆ ಸವೆದಿದ್ದವು. ಮರಳಿ ಬಂದು, ಈಗಷ್ಟೇ ರುಜುವಾದ ಕಾಗದವನ್ನು ಮತ್ತೊಮ್ಮೆ ಓದಿದರು: ಈ ವಾರದಲ್ಲಿ, ಕೈಯಿಂದ. ಬಳಿಕ, ಈ ಸೀಮೆಯಲ್ಲಿ ಪಾನಾ ಹಿಡಿಯುವ ಒಬ್ಬನೇ ಒಬ್ಬನಾದ ದ್ಯಾಮಪ್ಪನ ಕಡೆ ನೋಡಿದರು. ಮುರಿಗೆವ್ವನ ಅಂಗೈಯಲ್ಲಿ ಆ ಒಂದು ನಟ್ಟಿನ ಆರೂ ಮೂಲೆಗಳು ಚೂಪಾಗಿ, ಒಂದೂ ಮುಕ್ಕಾಗದೆ ಉಳಿದಿದ್ದವು.